ಚೆಲ್ಲಾಟ ಮತ್ತು ಪ್ರಾಣಸಂಕಟ: ಕನ್ನಡದ ಗಾದೆ ಕಥೆಗಳಲ್ಲಿ ಮನೆಯ ಬೆಕ್ಕು

೧

ಒಂದು ನಾಡಿನ ಜನರು ತಮ್ಮ ಮನೆಯೊಳಗಿನ ಪ್ರಾಣಿಯನ್ನು ಹೇಗೆ ಕಂಡಿರುವರೆಂಬುದನ್ನು ತಿಳಿಯಲು ಎರಡು ದಾರಿಗಳುಂಟು. ಅವರ ನಡೆಯನ್ನು ನೋಡುವುದು ಒಂದು. ಅವರ ನುಡಿಯನ್ನು ಪರಿಶೀಲಿಸುವುದು ಇನ್ನೊಂದು. ಹಸುವಿನ ವಿಷಯದಲ್ಲಿ ಕನ್ನಡಿಗರು ಪುಣ್ಯಕೋಟಿಯ ಕಥೆಯನ್ನು ಹಾಡಾಗಿ ಕಟ್ಟಿದರು. ನಾಯಿಯ ವಿಷಯದಲ್ಲಿ ಕಲ್ಲನ್ನೇ ನೆಡಿಸಿದರು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. ೯೪೯-೫೦ಕ್ಕೆ ಸೇರಿದ ಶಾಸನವು, ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿಯೆಂಬ ಬೇಟೆನಾಯಿಯ ಹೆಸರನ್ನು ಸಾವಿರ ವರ್ಷಗಳಿಂದ ಹೊತ್ತು ನಿಂತಿದೆ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟುದನ್ನೂ ಅದರಲ್ಲಿ ಹೇಳಿದೆ. ಮಲೆನಾಡಿನ ಕಾದಂಬರಿಯಲ್ಲಿಯೂ ನಾಯಿಗೆ ಸ್ಥಾನವುಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕೃತಿಯನ್ನು ಓದಿದವರು ಗುತ್ತಿಯ ನಾಯಿ ಹುಲಿಯನನ್ನು ಮರೆಯಲಾರರು.

ಬೆಕ್ಕಿಗೆ ಸಂದಿರುವುದು ಬೇರೆ ಬಗೆಯ ಸ್ಥಾನ. ಹಳಗನ್ನಡದ ‘ಬೆರ್ಕು’ ಎಂಬ ಮಾತಿನಷ್ಟು ಹಳೆಯದಾದ ಈ ಪ್ರಾಣಿಯು ಕನ್ನಡದಲ್ಲಿ ಹೆಚ್ಚಾಗಿ ಗಾದೆಯಲ್ಲಿ, ನಗೆಯ ಕಥೆಯಲ್ಲಿ, ಬೈಗುಳದಲ್ಲಿ ಬಾಳಿದೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು, ಮೈಸುಟ್ಟ ಬೆಕ್ಕು, ಅಡ್ಡ ಬಂದ ಬೆಕ್ಕು, ಗಂಟೆ ಕಟ್ಟಬೇಕಾದ ಬೆಕ್ಕು: ಇವು ಎಲ್ಲರ ನಾಲಗೆಯ ಮೇಲಿರುವ ಮಾತುಗಳು. ಇವುಗಳಲ್ಲಿ ಜಾಣ್ಮೆಯುಂಟು, ಹಾಸ್ಯವುಂಟು. ಆದರೆ ಈ ಹಾಸ್ಯವು ಯಾರ ವೆಚ್ಚದಲ್ಲಿ ನಡೆದಿದೆಯೆಂಬ ಪ್ರಶ್ನೆಯನ್ನು ವಿಮರ್ಶಕರು ಅಷ್ಟಾಗಿ ಕೇಳಿದಂತೆ ತೋರುವುದಿಲ್ಲ.

ಆ ಪ್ರಶ್ನೆಯನ್ನು ಕೇಳುವುದಕ್ಕೆ ಬೇಕಾದ ಅಳತೆಗೋಲನ್ನು ಹೊರಗಿನಿಂದ ತರಬೇಕಾಗಿಲ್ಲ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಲ್ಲಿಯೇ ಅದು ಸಿದ್ಧವಾಗಿದೆ. ಒಂದೇ ಸಂಗತಿಯನ್ನು ಎರಡು ಕಡೆಯಿಂದ ನೋಡಿ, ಆಡುವವನ ಸಂತೋಷವನ್ನು ನರಳುವವನ ನೋವಿನ ಪಕ್ಕದಲ್ಲಿಟ್ಟು ತೂಗುವ ಗಾದೆಯಿದು. ಇಲಿಯಂತಹ ಕ್ಷುದ್ರಪ್ರಾಣಿಯ ಸಂಕಟವನ್ನೂ ಗಮನಿಸಬಲ್ಲ ಭಾಷೆಯು ಬೆಕ್ಕಿನ ಸಂಕಟವನ್ನು ಎಷ್ಟರ ಮಟ್ಟಿಗೆ ಗಮನಿಸಿದೆಯೆಂಬುದೇ ಇಲ್ಲಿ ವಿಚಾರಿಸತಕ್ಕ ಅಂಶ.

೨

ಗಾದೆ ಕಥೆಗಳನ್ನು ಬದುಕಿನಿಂದ ಬೇರ್ಪಡಿಸಿ ನೋಡಿದರೆ ಅವುಗಳ ಅರ್ಥವು ಪೂರ್ಣವಾಗಿ ಹೊಳೆಯದು. ಆದುದರಿಂದ ಹಾಸನ ಜಿಲ್ಲೆಯ ಪಶ್ಚಿಮದಂಚಿನ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟದ ಸೀಮೆಯನ್ನು ಇಲ್ಲಿ ಎದುರಿಗಿಟ್ಟುಕೊಳ್ಳುವುದು ಉಚಿತ. ಹಿಂದೆ ಸಕಲೇಶಪುರದ ಸೀಮೆಗೆ ಮಂಜರಾಬಾದು ತಾಲ್ಲೂಕೆಂಬ ಹೆಸರಿತ್ತು. ಹೇಮಾವತಿಯು ಹರಿಯುವ ಈ ಪ್ರದೇಶದಲ್ಲಿ ಕಣಿವೆಯ ಗದ್ದೆಗಳಲ್ಲಿ ಭತ್ತ, ಇಳಿಜಾರುಗಳಲ್ಲಿ ಕಾಫಿ, ಏಲಕ್ಕಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ. ಕಾಳು ಶೇಖರಿಸಿದ ಕಡೆ ಇಲಿ. ಇಲಿಯಿದ್ದ ಕಡೆ ಬೆಕ್ಕು. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯೇ ಅದರ ಮನೆ.

ಮನುಷ್ಯನಿಗೂ ಬೆಕ್ಕಿಗೂ ಗಂಟು ಬಿದ್ದುದೇ ಹೀಗೆ. ಪಶ್ಚಿಮ ಏಷ್ಯದ ಕಾಡುಬೆಕ್ಕು, ಬೇಸಾಯ ಮೊದಲಾದ ಊರುಗಳ ಧಾನ್ಯಕ್ಕೆ ಬಂದ ಇಲಿಗಳನ್ನು ಹುಡುಕಿಕೊಂಡು ಮನುಷ್ಯನ ಬಳಿಗೆ ಬಂದಿತೆಂದು ವಿದ್ವಾಂಸರು ನಿರ್ಣಯಿಸಿರುವರು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯೫೦೦ ವರ್ಷಗಳ ಹಿಂದೆ ಒಬ್ಬ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಎಲುಬುಗಳು ದೊರೆತ ಸಂಗತಿಯು ೨೦೦೪ರಲ್ಲಿ ಪ್ರಕಟವಾಯಿತು. ಸಂಬಂಧವು ಅಷ್ಟು ಹಳೆಯದು. ಅದರ ಕರಾರು ಮಾತ್ರ ಎಂದೂ ಸ್ಪಷ್ಟವಾಗಲಿಲ್ಲ. ಹಸುವಿಗೆ ಮೇವು ಹಾಕಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ನಾಯಿಗೆ ಮುದ್ದೆಯ ತುಣುಕನ್ನಾದರೂ ಹಾಕುವರು. ಬೆಕ್ಕಿನ ವಿಷಯದಲ್ಲಿ ಮಾತ್ರ, ‘ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು’ ಎಂಬ ನಂಬಿಕೆಯು ಎಷ್ಟೋ ಮನೆಗಳಲ್ಲಿ ನ್ಯಾಯಶಾಸ್ತ್ರದಂತೆ ನಡೆದು ಬಂದಿದೆ.

ಈ ನಂಬಿಕೆಯು ನಿಜವಲ್ಲ. ಬೆಕ್ಕಿನ ಬೇಟೆಯ ಪ್ರವೃತ್ತಿಯು ಹಸಿವೊಂದನ್ನೇ ಅವಲಂಬಿಸಿಲ್ಲ; ಮುಂದಿಟ್ಟ ಆಹಾರವನ್ನು ಅರ್ಧಕ್ಕೆ ಬಿಟ್ಟು ಇಲಿಯ ಮೇಲೆ ಎರಗುವುದನ್ನು ಪ್ರಾಣಿಗಳ ವರ್ತನೆಯನ್ನು ಅಭ್ಯಾಸಮಾಡಿದವರು ಪರೀಕ್ಷಿಸಿ ನೋಡಿರುವರು. ಆದರೆ ನಂಬಿಕೆಯ ಫಲವು ನಿಜವಾಗಿಯೇ ಇದೆ. ಊಟವಿಲ್ಲದ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕುತ್ತದೆ. ಬಾಯಿ ಹಾಕಿದ ಬೆಕ್ಕನ್ನು ಕಳ್ಳಬೆಕ್ಕೆಂದು ಕರೆದು ಸೌದೆಯಿಂದ ಹೊಡೆಯುವರು. ಹೊಡೆತಕ್ಕೆ ಅಂಜಿ ಅದು ಮನುಷ್ಯನನ್ನು ಕಂಡೊಡನೆ ಓಡುವುದು. ಓಡುವುದನ್ನು ಕಂಡು, ಬೆಕ್ಕಿಗೆ ವಿಶ್ವಾಸವಿಲ್ಲವೆಂದು ಗಾದೆ ಕಟ್ಟುವರು. ಮನೆಯು ಮಾಡಿದ ಅಪರಾಧಕ್ಕೆ ಪ್ರಾಣಿಯ ಸ್ವಭಾವವನ್ನು ಹೊಣೆಮಾಡುವ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಗಳನ್ನು ಓದತಕ್ಕದ್ದು.

೩

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡ ಮಗುವಿಲ್ಲವೆನ್ನಬಹುದು. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನು ಕೊಟ್ಟು, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಡಿಸುತ್ತಾನೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯುವುದಿಲ್ಲ. ಹಾಲೆಲ್ಲವೂ ಮನೆಯವರ ಪಾಲಾಗುತ್ತದೆ. ಪರೀಕ್ಷೆಯ ದಿನ ಉಳಿದವರ ಬೆಕ್ಕುಗಳು ಕೊಬ್ಬಿ ಬಂದರೆ ರಾಮಕೃಷ್ಣನ ಬೆಕ್ಕು ಎಲುಬಿನ ಗೂಡಾಗಿ ಬರುತ್ತದೆ. ಹಾಲನ್ನು ಕಂಡೊಡನೆ ಓಡುತ್ತದೆ. ಸಭೆಯು ನಗುತ್ತದೆ.

ಕಥನಕೌಶಲದ ದೃಷ್ಟಿಯಿಂದ ಇದು ಉತ್ತಮವಾದ ಕಥೆ. ಕಾರಣವು ಮೊದಲೇ ಬಂದು, ಫಲವು ಕೊನೆಯವರೆಗೆ ಕಾದು, ಒಂದೇ ಚಲನೆಯಲ್ಲಿ, ಬೆಕ್ಕಿನ ಓಟದಲ್ಲಿ, ಎಲ್ಲವೂ ಬಯಲಾಗುತ್ತದೆ. ಹಾಸ್ಯದ ಗುರಿಯೂ ತಿಳಿದುದೇ: ವಿವೇಕವಿಲ್ಲದ ರಾಜಾಜ್ಞೆ. ಇಲಿ ಹಿಡಿಯಬೇಕಾದ ಪ್ರಾಣಿಗೆ ಹಸುವಿನ ಹಾಲನ್ನೆಲ್ಲ ಸುರಿಯುವುದು ಪ್ರಜೆಗಳ ಮಕ್ಕಳಿಗೆ ಅನ್ಯಾಯವೆಂದು ಕೆಲವರು ಕಥೆಗೆ ನೀತಿಯನ್ನೂ ಸೇರಿಸುವರು. ಅದು ಒಪ್ಪತಕ್ಕ ಮಾತೇ. ಆದರೆ ರಾಜನ ಅವಿವೇಕವನ್ನು ತೋರಿಸುವುದಕ್ಕೆ ಬೆಕ್ಕಿನ ಬಾಯಿಯನ್ನು ಸುಡಬೇಕಾಗಿತ್ತೇ? ಹಾಲನ್ನು ಮಕ್ಕಳಿಗೆ ಕೊಟ್ಟು ಬೆಕ್ಕಿಗೆ ಎಂಜಲನ್ನವನ್ನು ಹಾಕಿದ್ದರೂ ವಾದವು ಸಿದ್ಧವಾಗುತ್ತಿತ್ತು. ಕಥೆಗೆ ಅದು ಬೇಕಾಗಿಲ್ಲ. ಏಕೆಂದರೆ ನಗೆಯು ಹುಟ್ಟುವುದು ವಾದದಿಂದಲ್ಲ, ಬೆಕ್ಕಿನ ಭಯದಿಂದ.

ಚೆಲ್ಲಾಟ ಪ್ರಾಣಸಂಕಟಗಳ ಅಳತೆಗೋಲನ್ನು ಇಲ್ಲಿ ಹಿಡಿದರೆ ಫಲವು ಸ್ಪಷ್ಟ. ಆಡಿದವನಿಗೆ ಕೀರ್ತಿ, ನೋಡಿದವನಿಗೆ ವಿನೋದ, ಕೇಳಿದವನಿಗೆ ಸಂತೋಷ. ಹಸಿವೆ ಮಾತ್ರ ಬೆಕ್ಕಿನದು. ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಬೆಕ್ಕಿನ ಪೋಷಣೆಗೆಂದು ಬಂದ ಹಸುವು ರಾಮಕೃಷ್ಣನ ವಶದಲ್ಲಿದೆ. ಪೋಷ್ಯನ ಪಾಲನ್ನು ಪೋಷಕನೇ ನುಂಗಿ, ಪೋಷ್ಯನು ತಾನಾಗಿಯೇ ಬೇಡವೆಂದನೆಂದು ಸಾಕ್ಷಿ ಹೇಳಿಸುವ ಚಾತುರ್ಯವಿದು. ಅನಾಥಬಾಲಕನ ಆಸ್ತಿಯ ವಿಷಯದಲ್ಲಿ ಇದೇ ಕಥೆಯನ್ನು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

೪

ಎರಡನೆಯದು ಶ್ರಾದ್ಧದ ಬೆಕ್ಕಿನ ಕಥೆ. ಒಬ್ಬ ಗೃಹಸ್ಥನು ತಂದೆಯ ಶ್ರಾದ್ಧದ ದಿನ, ಮಡಿಯ ಅಡಿಗೆಗೆ ಬಾಯಿ ಹಾಕದಿರಲೆಂದು ಮನೆಯ ಬೆಕ್ಕನ್ನು ಬುಟ್ಟಿಯ ಕೆಳಗೆ ಮುಚ್ಚಿಡುತ್ತಾನೆ. ಮಗನು ಅದನ್ನು ನೋಡಿರುತ್ತಾನೆ. ಅವನ ಕಾಲಕ್ಕೆ ಮನೆಯಲ್ಲಿ ಬೆಕ್ಕಿಲ್ಲ. ಆದರೆ ಶ್ರಾದ್ಧಕ್ಕೆ ಬೆಕ್ಕು ಬೇಕೆಂದು ಊರೆಲ್ಲ ಹುಡುಕಿ ತಂದು ಮುಚ್ಚಿಡುತ್ತಾನೆ. ಕೆಲವರು ಇದನ್ನೇ ಗುರುವಿನ ಆಶ್ರಮದ ಕಥೆಯಾಗಿ ಹೇಳುವರು. ಅರ್ಥವರಿಯದ ಆಚಾರವನ್ನು ಖಂಡಿಸುವುದಕ್ಕೆ ಉಪದೇಶಕರಿಗೆ ಇದಕ್ಕಿಂತ ಒದಗುವ ದೃಷ್ಟಾಂತವಿಲ್ಲ.

ಆಚಾರವನ್ನು ಪ್ರಶ್ನಿಸುವ ಈ ಕಥೆಯು ಬುಟ್ಟಿಯನ್ನು ಎತ್ತಿ ನೋಡುವುದಿಲ್ಲವೆಂಬುದೇ ಆಶ್ಚರ್ಯ. ತಂದೆಯು ಮುಚ್ಚಿಟ್ಟುದು ವಿವೇಕ, ಮಗನು ಮುಚ್ಚಿಟ್ಟುದು ಮೌಢ್ಯವೆಂಬುದು ಕಥೆಯ ತೀರ್ಪು. ಬೆಕ್ಕಿನ ಪಾಲಿಗೆ ಎರಡು ಬುಟ್ಟಿಗಳೂ ಒಂದೇ. ಪಿತೃಗಳಿಗೆ ಪಿಂಡವನ್ನೂ ಕಾಗೆಗೆ ಅನ್ನವನ್ನೂ ಇಡುವ ದಿನ ಮನೆಯ ಪ್ರಾಣಿಯೊಂದು ಕತ್ತಲೆಯಲ್ಲಿ ಹಸಿದು ಕೂಗುತ್ತಿರುವುದು ಕಥೆ ಹೇಳುವವನ ಕಿವಿಗೂ ಬೀಳುವುದಿಲ್ಲ, ಕೇಳುವವನ ಕಿವಿಗೂ ಬೀಳುವುದಿಲ್ಲ. ತೆನಾಲಿಯ ಕಥೆಯಲ್ಲಿ ಬೆಕ್ಕಿನ ನೋವು ನಗೆಯ ಸಾಧನವಾದರೆ ಇಲ್ಲಿ ಅದು ಲೆಕ್ಕಕ್ಕೇ ಬಾರದುದು. ಮೊದಲನೆಯದನ್ನು ಕ್ರೌರ್ಯವೆಂದೂ ಎರಡನೆಯದನ್ನು ಉಪೇಕ್ಷೆಯೆಂದೂ ಕರೆಯಬಹುದು. ಕ್ರೌರ್ಯವು ಅಪರೂಪ, ಉಪೇಕ್ಷೆಯು ನಿತ್ಯದ್ದು.

೫

ಕನ್ನಡದ ನುಡಿಯು ಬೆಕ್ಕನ್ನು ಯಾವಾಗಲೂ ಹೀಗೆಯೇ ಕಂಡಿದೆಯೆಂದರೆ ಅನ್ಯಾಯವಾದೀತು. ಶ್ರೀವೈಷ್ಣವ ಸಂಪ್ರದಾಯದ ಮಾರ್ಜಾಲಕಿಶೋರ ನ್ಯಾಯವು ಇದಕ್ಕೆ ಉಜ್ಜ್ವಲವಾದ ಅಪವಾದ. ಕೋತಿಯ ಮರಿಯು ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಭಗವಂತನ ಕೃಪೆಯು ಈ ಎರಡನೆಯ ರೀತಿಯದೆಂದು ತೆಂಗಲೆಯವರು ಸಾಧಿಸಿದರು. ಹಲ್ಲಿನಿಂದಲೇ ಕೊಲ್ಲುವ ಪ್ರಾಣಿಯು ಅದೇ ಹಲ್ಲಿನಿಂದ ಗಾಯವಾಗದಂತೆ ಮರಿಯನ್ನು ಹಿಡಿಯುವುದನ್ನು ಯಾರೋ ಒಬ್ಬರು ಅಕ್ಕರೆಯಿಂದ ನೋಡದೆ ಈ ನ್ಯಾಯವು ಹುಟ್ಟುತ್ತಿರಲಿಲ್ಲ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಜನಪದದ ಮಾತಿನಲ್ಲಿಯೂ ಇಂತಹುದೇ ನೋಟವುಂಟು.

ಆದರೆ ದೃಷ್ಟಾಂತದ ಮರಿಗೆ ಸಂದ ಗೌರವವು ಅಟ್ಟದ ಮೇಲಿನ ಮರಿಗೆ ಸಲ್ಲಲಿಲ್ಲ. ಹೆಣ್ಣು ಬೆಕ್ಕು ಸುಮಾರು ೬೫ ದಿನಗಳ ಗರ್ಭವನ್ನು ಹೊತ್ತು, ವರ್ಷಕ್ಕೆ ಎರಡು ಮೂರು ಬಾರಿ ಈಯಬಲ್ಲದು. ಮರಿಗಳು ಹೆಚ್ಚಾದ ಮನೆಯವರು ಮಾಡುವುದೇನೆಂಬುದು ಮಲೆನಾಡಿನಲ್ಲಿ ಗುಟ್ಟಿನ ವಿಷಯವಲ್ಲ. ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆಗೋ, ಸಂತೆಯ ಮಾಳಕ್ಕೋ, ಘಾಟಿಯ ರಸ್ತೆಯ ತಿರುವಿಗೋ ಒಯ್ದು ಬಿಡುವರು. ಚೀಲವು ಏಕೆಂದರೆ, ದಾರಿಯನ್ನು ಕಂಡರೆ ಮರಳಿ ಬಂದೀತೆಂಬ ಭಯ. ಮರಿಗಳು ಕಣ್ಣು ಬಿಡುವುದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬೇಕು. ತಾಯಿಯನ್ನು ಅಗಲಿ ಬದುಕಲು ಸುಮಾರು ಎಂಟು ವಾರಗಳಾಗಬೇಕು. ಅದಕ್ಕೆ ಮೊದಲೇ ಆಷಾಢದ ಮಳೆಯಲ್ಲಿ ಬಿಟ್ಟುಬಂದುದಕ್ಕೆ ‘ಬಿಡುವುದು’ ಎಂಬ ಮೃದುವಾದ ಕ್ರಿಯಾಪದವನ್ನು ಬಳಸುವರು. ಭಾಷೆಯು ಮನಸ್ಸಾಕ್ಷಿಯನ್ನು ಮಲಗಿಸುವುದು ಇಂತಹ ಸಣ್ಣ ಮಾತುಗಳಿಂದಲೇ.

‘ನಾಯಿ ಜನವನ್ನು ನಂಬಿರುತ್ತದೆ, ಬೆಕ್ಕು ಮನೆಯನ್ನು ನಂಬಿರುತ್ತದೆ’ ಎಂಬ ಮಾತೂ ಹಾಗೆಯೇ. ಇದು ಮೊದಲು ಸ್ವಭಾವವರ್ಣನೆಯಾಗಿ ಹುಟ್ಟಿರಬಹುದು; ಈಗ ಅದು ನೆಪವಾಗಿದೆ. ಮಕ್ಕಳು ಬೆಂಗಳೂರು ಸೇರಿ, ಹಿರಿಯರು ಅವರ ಹಿಂದೆ ಹೊರಟು, ತೋಟದ ಮನೆಗೆ ಬೀಗ ಬೀಳುವಾಗ ಹಸುವನ್ನು ಮಾರುವರು, ನಾಯಿಯನ್ನು ಕಾವಲಿನವನಿಗೆ ಒಪ್ಪಿಸುವರು. ಬೆಕ್ಕು ಮನೆಯನ್ನು ನಂಬಿದೆಯಲ್ಲವೆ? ಅದನ್ನು ಮನೆಗೇ ಒಪ್ಪಿಸಿ ಹೋಗುವರು. ಒಲೆಯಲ್ಲಿ ಬೆಕ್ಕು ಮಲಗಿದೆಯೆಂಬ ನುಡಿಗಟ್ಟು ಹಿಂದೆ ಬಡತನವನ್ನು ಸೂಚಿಸುತ್ತಿತ್ತು. ಬೀಗ ಬಿದ್ದ ಮನೆಯಲ್ಲಿ ಅದು ಅಕ್ಷರಶಃ ನಿಜವಾಗುತ್ತದೆ.

೬

ಭಯವಾದರೂ ಬೆಕ್ಕನ್ನು ಕಾಪಾಡಿತೇ? ಬಿಸಿಲೆಯ ಘಾಟಿಯನ್ನು ಇಳಿದರೆ ಕುಕ್ಕೆ ಸುಬ್ರಹ್ಮಣ್ಯ. ಸಕಲೇಶಪುರದ ಸೀಮೆಯ ಜನರು ಷಷ್ಠಿಗೆ ಅಲ್ಲಿಗೆ ಹೋಗಿ ನಾಗನಿಗೆ ಸೇವೆ ಸಲ್ಲಿಸುವರು. ಹಾವನ್ನು ಕೊಲ್ಲಲು ಎತ್ತಿದ ಕೈಯು ದೋಷದ ಭಯದಿಂದ ಅರ್ಧಕ್ಕೇ ನಿಲ್ಲುವುದುಂಟು. ವಂಗದೇಶದಲ್ಲಿ ಇದೇ ಷಷ್ಠಿಯ ಹೆಸರಿನ ದೇವತೆಗೆ ಬೆಕ್ಕು ವಾಹನ. ಅಲ್ಲಿಯ ವ್ರತಕಥೆಯಲ್ಲಿ ಕಿರಿಯ ಸೊಸೆಯು ತಾನು ಕದ್ದು ತಿಂದು ಬೆಕ್ಕಿನ ಮೇಲೆ ಹೊರಿಸುತ್ತಾಳೆ. ಸುಳ್ಳು ಅಪವಾದವನ್ನು ಹೊತ್ತ ಬೆಕ್ಕು ಅವಳ ಮಕ್ಕಳನ್ನು ಹುಟ್ಟಿದಂತೆ ಹುಟ್ಟಿದಂತೆ ದೇವಿಯ ಬಳಿಗೆ ಒಯ್ಯುತ್ತದೆ. ತಪ್ಪನ್ನು ಒಪ್ಪಿಕೊಂಡ ಮೇಲೆಯೇ ಮಕ್ಕಳು ಮರಳುವುದು. ‘ಕಳ್ಳಬೆಕ್ಕು’ ಎಂಬ ಮಾತನ್ನು ತಿರುಗಿಸಿ ಕೇಳಿದ ಕಥೆಯಿದು. ಕನ್ನಡದ ಷಷ್ಠಿಯು ನಾಗನಿಗೆ ಸಂದಿತು. ಬೆಕ್ಕಿನ ಪರವಾಗಿ ಸಾಕ್ಷಿ ಹೇಳುವ ದೇವತೆಯು ಇಲ್ಲಿ ದೊರೆಯಲಿಲ್ಲ.

ಬೆಕ್ಕನ್ನು ಕೊಂದರೆ ಘೋರಪಾಪವೆಂಬ ಭಾವನೆಯು ಇಲ್ಲಿಯೂ ಇಲ್ಲದಿಲ್ಲ. ಮನುಸ್ಮೃತಿಯು ಬೆಕ್ಕಿನ ವಧೆಗೆ ಪ್ರಾಯಶ್ಚಿತ್ತವನ್ನು ವಿಧಿಸಿದೆ. ಚಿನ್ನದ ಬೆಕ್ಕನ್ನು ಮಾಡಿಸಿ ದಾನಕೊಡಬೇಕೆಂಬ ನಂಬಿಕೆಯು ದೇಶದ ಹಲವು ಕಡೆ ಉಂಟು. ಇದರಿಂದ ಆದ ಪರಿಣಾಮವು ವಿಚಿತ್ರವಾದುದು. ಕೈಯಾರೆ ಕೊಲ್ಲಲು ಅಂಜುವವನು ಚೀಲದಲ್ಲಿ ಕಟ್ಟಿ ಬಿಟ್ಟುಬರಲು ಅಂಜುವುದಿಲ್ಲ. ಹಸಿವೆಯೋ ಮಳೆಯೋ ನಾಯಿಯೋ ಕೊಂದರೆ ಪಾಪವು ಅವುಗಳದು. ಕೊಲೆಯೊಂದನ್ನೇ ಪಾಪವೆಂದು ಎಣಿಸುವ ನೀತಿಯು ಉಪೇಕ್ಷೆಗೆ ಹೆಬ್ಬಾಗಿಲನ್ನು ತೆರೆದಿಡುತ್ತದೆ.

ಈ ಬಾಗಿಲನ್ನು ಮುಚ್ಚಿದವರು ಜೈನಾಚಾರ್ಯರು. ಹಾಸನ ಜಿಲ್ಲೆಗೆ ಇದು ಹೊರಗಿನ ಮಾತಲ್ಲ: ಶ್ರವಣಬೆಳಗೊಳವು ಈ ಜಿಲ್ಲೆಯದೇ, ದೋರಸಮುದ್ರದಿಂದ ಆಳಿದ ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು ೧೨೦೯ರಲ್ಲಿ ‘ಯಶೋಧರಚರಿತೆ’ಯನ್ನು ಬರೆದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳು ಆ ಸಂಕಲ್ಪಮಾತ್ರದಿಂದಲೇ ಪ್ರಾಣಿಜನ್ಮಗಳಲ್ಲಿ ತೊಳಲುವುದು ಆ ಕಾವ್ಯದ ವಸ್ತು. ಜನ್ನನು ತೂಗಿದ್ದು ಸಂಕಲ್ಪವನ್ನು. ಬೆಕ್ಕಿನ ವಿಷಯದಲ್ಲಿ ಅಂತಹ ಸಂಕಲ್ಪವೂ ಇಲ್ಲ, ಇರುವುದು ಮರೆವು ಮಾತ್ರವೆಂದು ಯಾರಾದರೂ ಹೇಳಿಯಾರು. ಅದಕ್ಕೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಉತ್ತರವುಂಟು. ಹಿಂಸೆಯ ಲಕ್ಷಣವನ್ನು ಹೇಳುವಾಗ ಅದು ಪ್ರಮಾದವನ್ನು, ಎಚ್ಚರಗೇಡಿತನವನ್ನು, ಮೂಲದಲ್ಲಿಯೇ ಸೇರಿಸುತ್ತದೆ. ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಐದನೆಯದನ್ನು ಮತ್ತೊಮ್ಮೆ ಓದಬೇಕು. ಶ್ರಾದ್ಧದ ಬುಟ್ಟಿಯು ಮೊದಲನೆಯದಕ್ಕೂ, ಸೌದೆಯ ಪೆಟ್ಟು ಎರಡನೆಯದಕ್ಕೂ, ರಾಮಕೃಷ್ಣನ ಹಾಲು ಕೊನೆಯದಕ್ಕೂ ತಪ್ಪದೆ ಹೊಂದುತ್ತವೆ. ಕೊಲ್ಲದಿದ್ದರೆ ಸಾಕೆಂಬ ನೆಮ್ಮದಿಗೆ ಇಲ್ಲಿ ಎಡೆಯೇ ಇಲ್ಲ.

ದೇಶದ ಕಾನೂನು ಇದೇ ನಿಲುವಿಗೆ ಬರಲು ಬಹುಕಾಲ ಹಿಡಿಯಿತು. ೧೮೬೦ರ ದಂಡಸಂಹಿತೆಯು ಆನೆ, ಕುದುರೆ, ಹಸು, ಎಮ್ಮೆ ಮೊದಲಾದವುಗಳನ್ನು ಬೆಲೆಯನ್ನೆಣಿಸದೆ ರಕ್ಷಿಸಿ, ಉಳಿದ ಪ್ರಾಣಿಗಳನ್ನು ಅವುಗಳ ರೂಪಾಯಿಯ ಬೆಲೆಗೆ ತಕ್ಕಂತೆ ರಕ್ಷಿಸಿತು; ಹತ್ತು ರೂಪಾಯಿ ಬಾಳದ ಬೆಕ್ಕಿಗೆ ಅದರಲ್ಲಿ ಆಸರೆಯಿರಲಿಲ್ಲ. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೧ನೆಯ ಪ್ರಕರಣವು ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆಗಳನ್ನು ಕೊಡದಿರುವುದನ್ನೂ, ಹಸಿವೆ ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದನ್ನೂ ಅಪರಾಧವೆಂದು ಸಾರಿತು. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡವು ೧೦ರಿಂದ ೫೦ ರೂಪಾಯಿ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಪ್ರಕರಣವು ಬೆಲೆಯ ಭೇದವನ್ನು ಅಳಿಸಿ, ಯಾವ ಪ್ರಾಣಿಯನ್ನೇ ಕೊಂದರೂ ಊನಗೊಳಿಸಿದರೂ ಐದು ವರ್ಷಗಳವರೆಗೆ ಶಿಕ್ಷೆಯನ್ನು ವಿಧಿಸಲು ಅವಕಾಶವಿತ್ತಿದೆ. ಕೊಲೆಗೆ ಐದು ವರ್ಷ, ಉಪೇಕ್ಷೆಗೆ ಐವತ್ತು ರೂಪಾಯಿ: ಗಾದೆಯ ತೂಕವೇ ಕಾನೂನಿನಲ್ಲಿಯೂ ಉಳಿದಿದೆ.

೭

ಗಾದೆ ಕಥೆಗಳು ಮನುಷ್ಯರನ್ನು ಕುರಿತವು, ಬೆಕ್ಕು ಅಲ್ಲಿ ಸಂಕೇತಮಾತ್ರ, ಸಂಕೇತಕ್ಕೆ ನೋವಿಲ್ಲವೆಂದು ಇಲ್ಲಿ ಆಕ್ಷೇಪಿಸಬಹುದು. ಮಹಾಭಾರತದ ಕಪಟತಪಸ್ವಿಯಾದ ಮಾರ್ಜಾಲನ ಕಥೆಗೆ ಈ ಸಮಾಧಾನವು ಒಪ್ಪುತ್ತದೆ. ಮಹಾಬಲಿಪುರದ ಬಂಡೆಯ ಮೇಲೆ ಕೈಯೆತ್ತಿ ತಪಸ್ಸು ಮಾಡುವ ಬೆಕ್ಕನ್ನು ನೋಡಿ ನಗುವುದರಿಂದ ಯಾವ ಬೆಕ್ಕಿಗೂ ಹಾನಿಯಿಲ್ಲ. ಅಲ್ಲಿ ಬೆಕ್ಕು ಪಾತ್ರವಾಗಿದೆ, ಕರ್ತೃವಾಗಿದೆ. ತೆನಾಲಿಯ ಕಥೆಯಲ್ಲಿಯೂ ಶ್ರಾದ್ಧದ ಕಥೆಯಲ್ಲಿಯೂ ಅದು ಸಂಕೇತವಲ್ಲ. ಮನೆಯ ಬೆಕ್ಕೇ, ಮನೆಯಲ್ಲಿ ನಡೆಯುವುದೇ ಅಲ್ಲಿ ನಡೆಯುತ್ತದೆ. ಸುಟ್ಟ ಬಾಯಿಯನ್ನು ಕೇಳಿ ನಕ್ಕ ಮಗುವು ನಾಳೆ ಬಿಸಿ ಹಾಲನ್ನು ಇಟ್ಟೇ ಇಡುವುದೆಂದಲ್ಲ. ಆದರೆ ಬೆಕ್ಕಿನ ನೋವನ್ನು ಎಣಿಕೆಯಿಂದ ಬಿಟ್ಟು ಕಥೆಯನ್ನು ಮುಗಿಸಬಹುದೆಂಬುದನ್ನು ಅದು ಕಲಿತಿರುತ್ತದೆ.

ಈ ಕಥೆಗಳನ್ನು ತ್ಯಜಿಸಬೇಕಾಗಿಲ್ಲ; ಹೇಳುವಾಗ ಒಂದು ಪ್ರಶ್ನೆಯನ್ನು ಸೇರಿಸಿದರೆ ಸಾಕು. ಆಮೇಲೆ ಆ ಬೆಕ್ಕಿಗೆ ಊಟ ಹಾಕಿದವರು ಯಾರು? ಬುಟ್ಟಿಯನ್ನು ಎತ್ತಿದವರು ಯಾರು? ಮಕ್ಕಳು ತಾವಾಗಿಯೇ ಕೇಳುವ ಪ್ರಶ್ನೆಗಳಿವು. ದೊಡ್ಡವರು ನೀತಿಯನ್ನು ಹೇಳುವ ಆತುರದಲ್ಲಿ ಅವನ್ನು ಅಡಗಿಸುವರು. ಬಚ್ಚಲ ಒಲೆಯ ಪಕ್ಕದ ಬೆಕ್ಕಿಗೆ ಬೇಕಾದುದೂ ಹೆಚ್ಚಿನದಲ್ಲ: ಹೊತ್ತಿಗೆ ಒಂದು ತುತ್ತು, ಮರಿಗಳು ಮಿತಿಮೀರದಂತೆ ಪಶುವೈದ್ಯರಿಂದ ಶಸ್ತ್ರಚಿಕಿತ್ಸೆ, ಇಲಿಗೆ ವಿಷವಿಟ್ಟಾಗ ಸತ್ತ ಇಲಿಯನ್ನು ಬೆಕ್ಕು ತಿನ್ನದಂತೆ ಎಚ್ಚರ, ಮನೆಗೆ ಬೀಗ ಹಾಕುವ ಮುನ್ನ ಅದನ್ನು ಒಪ್ಪಿಸಿಕೊಳ್ಳುವ ಒಂದು ಕೈ.

ಇಲಿಯ ಪ್ರಾಣಸಂಕಟವನ್ನು ಕಂಡು ಗಾದೆ ಕಟ್ಟಿದವನು ಬಲ್ಲಿದನ ಆಟವನ್ನು ಬಡವನ ಕಣ್ಣಿನಿಂದ ನೋಡಬಲ್ಲವನಾಗಿದ್ದನು. ಮನುಷ್ಯನ ಚೆಲ್ಲಾಟದ ಎದುರಿನಲ್ಲಿ ಬೆಕ್ಕು ಬಡಪ್ರಾಣಿಯೇ. ಆ ಗಾದೆಯ ಉಳಿದರ್ಧವನ್ನು ಕನ್ನಡವು ಇನ್ನೂ ಹೇಳಬೇಕಾಗಿದೆ.